ಕುರಿ ಕಂದು ಹಾಕಿದವು, ಮನೆಯವರ ಜ್ವರ ಬಿಡುತ್ತಿಲ್ಲ: ಎರಡಕ್ಕೂ ಸಂಬಂಧ ಇದೆಯಾ?

ಪ್ರಶ್ನೆ: ನಮ್ಮದು ಕುಷ್ಟಗಿ ತಾಲ್ಲೂಕು. 90 ಕುರಿ, 6 ಆಡು ಇವೆ. ಭತ್ತದ ಕೊಯ್ಲು ಮುಗಿದ ಮೇಲೆ ಕಾರಟಗಿ ಕಡೆ ಗದ್ದೆಯಲ್ಲಿ ಕುರಿ ನಿಲ್ಲಿಸಲು ಹೋಗಿದ್ದೆವು. ದಾರಿಯಲ್ಲಿ ಒಂದು ಟಗರು ಕೊಂಡೆವು. ಊರಿಗೆ ಬಂದ ಮೇಲೆ ಒಂದಾದ ಮೇಲೊಂದು 14 ಕುರಿ ಕಂದು ಹಾಕಿದವು, ಅಂದರೆ ದಿನ ತುಂಬುವ ಮೊದಲೇ ಗಬ್ಬ ಇಳಿದವು. ಎಲ್ಲವೂ ನಾಲ್ಕು ತಿಂಗಳ ಗಬ್ಬ. ಮನೆಯವರೇ ಎಲ್ಲವನ್ನೂ ಕೈಯಿಂದ ತೆಗೆದು ಹಾಕಿದರು. ಈಗ ಎರಡು ತಿಂಗಳಿಂದ ಅವರಿಗೆ ಸಂಜೆಯಾದರೆ ಜ್ವರ. ರಾತ್ರಿ ಅಂಗಿ ಹಿಂಡುವಷ್ಟು ಬೆವರು. ಬೆಳಿಗ್ಗೆ ಏನೂ ಇರುವುದಿಲ್ಲ. ನಡು ನೋವು, ಕೀಲು ನೋವು. ಇನ್ನೊಂದು ಕಡೆ ಬಾವು ಬಂದಿದೆ, ಹೇಳಿಕೊಳ್ಳಲು ನಾಚುತ್ತಾರೆ. ಟೈಫಾಯ್ಡ್ ಎಂದು ಎರಡು ಸಲ ಔಷಧ ಆಯ್ತು. ಈಗ ಟಿಬಿ ಇರಬಹುದು ಎನ್ನುತ್ತಿದ್ದಾರೆ. ಪಿಪಿಆರ್ (ಕುರಿ, ಆಡಿಗೆ ಬರುವ ಸಾಂಕ್ರಾಮಿಕ ರೋಗ) ಲಸಿಕೆ ಹಾಕಿಸಿದ್ದಕ್ಕೇ ಕುರಿ ಹಾಳಾದವು ಎಂದು ಅತ್ತೆಯ ವಾದ. ನನಗೆ ಈಗ ಮೂರು ತಿಂಗಳು. 7 ವರ್ಷದ ಮಗ ಆಡಿನ ಹಾಲನ್ನು ಕರೆದಲ್ಲೇ ಕುಡಿಯುತ್ತಾನೆ. ಕುರಿ ಎಲ್ಲ ಮಾರಿಬಿಡೋಣವೇ? ಈ ಜ್ವರ ನಮಗೂ ಅಂಟುತ್ತದಾ? ತವರಿನಿಂದ ತಂದ ಒಂದು ಕರಿ ಆಡು ಇದೆ. ಅದನ್ನೂ ಕಳಿಸಬೇಕಾ? (ಹೆಸರು ಬೇಡ)

ಉತ್ತರ:

ತಂಗಿ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪಶು ಆಸ್ಪತ್ರೆಯಲ್ಲಿ ಕುರಿಯ ಮಾತಷ್ಟೇ ಆಗಿರುತ್ತದೆ. ಜ್ವರದ ಡಾಕ್ಟರ್ ಮುಂದೆ ಜ್ವರದ ಮಾತಷ್ಟೇ ಆಗಿರುತ್ತದೆ. ಎರಡೂ ಒಂದೇ ಕಾಗದದ ಮೇಲೆ ಬಂದದ್ದು ಬಹುಶಃ ಇದೇ ಮೊದಲು. ಕೂಡಿಸಿ ಓದಿದಾಗ ನನಗೆ ಬಂದ ಗುಮಾನಿ ಬ್ರುಸೆಲ್ಲೋಸಿಸ್. ಕಂದು ಹಾಕುವ ರೋಗ ಎಂದು ನಾವು ಕನ್ನಡದಲ್ಲಿ ಹೇಳುವುದು ಇದನ್ನೇ. ಬ್ರುಸೆಲ್ಲಾ ಎಂಬ ರೋಗಾಣುವಿನಿಂದ ಕುರಿ, ಆಡು, ದನಕ್ಕೆ ಬರುತ್ತದೆ, ಅವುಗಳಿಂದ ಮನುಷ್ಯರಿಗೂ ಅಂಟುತ್ತದೆ. ಇದು ಗುಮಾನಿ ಮಾತ್ರ. ರಕ್ತ ಪರೀಕ್ಷೆ ಆಗದೆ ಖಾತ್ರಿ ಹೇಳಲಾಗದು. ಆದರೆ ಪರೀಕ್ಷೆ ಮಾಡಿಸಲೇಬೇಕು ಎನ್ನುವಷ್ಟು ಗಟ್ಟಿ ಗುಮಾನಿ.

ಈ ಜ್ವರ ನನಗೇ ಬಂದಿತ್ತು. ನೌಕರಿಗೆ ಸೇರಿದ ನಾಲ್ಕನೇ ವರ್ಷ, ಸಿರುಗುಪ್ಪ ಕಡೆ ಒಂದು ಹಳ್ಳಿಯಲ್ಲಿ ಎಮ್ಮೆ ಕಂದು ಹಾಕಿತ್ತು, ಮಾಸು ಬಿದ್ದಿರಲಿಲ್ಲ. ಗ್ಲೌಸ್ ಮುಗಿದಿದ್ದವು. ಬರಿಗೈಯನ್ನೇ ಭುಜದವರೆಗೆ ಹಾಕಿ ತೆಗೆದೆ. ಬೆರಳಿನ ಸಂದಿಯಲ್ಲಿ ಬ್ಲೇಡ್ ಕುಯ್ದ ಸಣ್ಣ ಗಾಯ ಇತ್ತು. ಮೂರು ವಾರ ಆದ ಮೇಲೆ ಸಂಜೆ ಜ್ವರ ಶುರುವಾಯಿತು. ಒಂದು ಆಸ್ಪತ್ರೆಯಲ್ಲಿ ಟೈಫಾಯ್ಡ್ ಎಂದರು. ಇನ್ನೊಂದರಲ್ಲೂ ಅದೇ. ಎರಡು ಕಡೆಯೂ ಜ್ವರ ಇಳಿಯಿತು, ಹತ್ತು ದಿನಕ್ಕೆ ಮತ್ತೆ ಬಂತು. ಮೂರನೆಯ ಡಾಕ್ಟರ್ ಥರ್ಮಾಮೀಟರ್ ಕೈಗೆತ್ತಿಕೊಳ್ಳುವ ಮೊದಲೇ ಕೇಳಿದರು: "ಏನು ಕೆಲಸ ಮಾಡ್ತೀರಿ?" ಪಶುವೈದ್ಯ ಎಂದೆ. ಅವರು ನಕ್ಕು ಬ್ರುಸೆಲ್ಲಾ ಟೆಸ್ಟ್ ಬರೆದರು. ಮೊದಲಿನ ಇಬ್ಬರೂ ಕೇಳಿರಲಿಲ್ಲ, ಸರಿ. ನಾನಾದರೂ ಹೇಳಬಹುದಿತ್ತಲ್ವಾ? ದಿನಾ ಈ ರೋಗದ ನಡುವೆ ಓಡಾಡುವವನಿಗೇ ಹೊಳೆಯಲಿಲ್ಲ. ಇನ್ನು ನಿಮ್ಮ ಮನೆಯವರಿಗೆ ಹೊಳೆಯಲಿಲ್ಲ ಎಂದರೆ ಅವರ ತಪ್ಪೇನು?

ಅದಕ್ಕೇ ಮೊದಲ ಕೆಲಸ ಇದು. ನಾಳೆಯೇ ಅವರನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಕೊಪ್ಪಳ, ಬಳ್ಳಾರಿ, ರಾಯಚೂರು ಮೂರೂ ಕಡೆ ಸರಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆ ಇವೆ. ಡಾಕ್ಟರ್ ಮುಂದೆ ಕೂತ ತಕ್ಷಣ ಹೀಗೆ ಹೇಳಲಿ: "ನಾನು ಕುರಿ ಕಾಯುವವನು. ನಮ್ಮ ಹಿಂಡಿನಲ್ಲಿ 14 ಕುರಿ ಕಂದು ಹಾಕಿವೆ. ನಾನೇ ಬರಿಗೈಯಲ್ಲಿ ತೆಗೆದಿದ್ದೇನೆ. ಬ್ರುಸೆಲ್ಲಾ ಟೆಸ್ಟ್ ಮಾಡಿಸ್ತೀರಾ?" ಬಾವಿನ ವಿಷಯವನ್ನೂ ಹೇಳಲೇಬೇಕು. ಈ ರೋಗದಲ್ಲಿ ಗಂಡಸರಿಗೆ ವೃಷಣ ಊದಿಕೊಳ್ಳುವುದು ಗೊತ್ತಿರುವ ಲಕ್ಷಣ. ನಾಚಿಕೆಯಿಂದ ಮುಚ್ಚಿಟ್ಟರೆ ಡಾಕ್ಟರಿಗೆ ಸಿಗಬೇಕಾದ ದೊಡ್ಡ ಸುಳಿವೇ ತಪ್ಪಿಹೋಗುತ್ತದೆ. ರಕ್ತದ ಕಲ್ಚರ್ (ರಕ್ತದಲ್ಲಿನ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ) ಮಾಡಿಸುವುದಾದರೆ ಕುರಿಯ ವಿಷಯ ಲ್ಯಾಬಿನವರಿಗೂ ಗೊತ್ತಿರಬೇಕು. ಈ ರೋಗಾಣು ಲ್ಯಾಬಿನಲ್ಲಿ ಕೆಲಸ ಮಾಡುವವರಿಗೂ ಸುಲಭವಾಗಿ ಅಂಟುತ್ತದೆ.

ಟೈಫಾಯ್ಡ್ ಎಂದವರನ್ನು ಬೈಯಬೇಡಿ. ನಮ್ಮ ಕಡೆ ಜ್ವರ ಎಂದರೆ ಮೊದಲು ವಿಡಾಲ್ ಟೆಸ್ಟ್. ಹಿಂದೆ ಯಾವಾಗಲೋ ಟೈಫಾಯ್ಡ್ ಬಂದುಹೋಗಿದ್ದರೂ ಅದು ಪಾಸಿಟಿವ್ ತೋರಿಸಬಹುದು. ಮೇಲಾಗಿ ಟೈಫಾಯ್ಡಿಗೆ ಕೊಡುವ ಔಷಧದಲ್ಲಿ ಈ ಜ್ವರವೂ ನಾಲ್ಕು ದಿನ ತಗ್ಗುತ್ತದೆ. ಬ್ರುಸೆಲ್ಲಾ ರೋಗಾಣು ನಮ್ಮ ರಕ್ಷಣೆಗೆಂದು ಇರುವ ಕಣಗಳ ಒಳಗೇ ಹೊಕ್ಕು ಅಡಗಿ ಕೂರುತ್ತದೆ. ಔಷಧ ನಿಂತ ಮೇಲೆ ಹೊರಗೆ ಬರುತ್ತದೆ. ಏಳುತ್ತಾ ಇಳಿಯುತ್ತಾ ತಿಂಗಳುಗಟ್ಟಲೆ ಕಾಡುವುದು ಇದರ ಚಾಳಿ.

ಟಿಬಿ ಗುಮಾನಿಯೂ ಸುಮ್ನೆ ಬಂದದ್ದಲ್ಲ. ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು, ಬೆನ್ನುಮೂಳೆ ನೋವು ಎರಡರಲ್ಲೂ ಇವೆ. ಟಿಬಿ ಪರೀಕ್ಷೆಯನ್ನು ಬೇಡ ಎನ್ನಬೇಡಿ, ಮಾಡಿಸಿಕೊಳ್ಳಿ. ಆದರೆ ಪರೀಕ್ಷೆ ಇಲ್ಲದೆ ಅಂದಾಜಿನಲ್ಲಿ ಟಿಬಿ ಮಾತ್ರೆ ಶುರು ಮಾಡುವ ಮೊದಲು ಬ್ರುಸೆಲ್ಲಾ ಪರೀಕ್ಷೆಯೂ ಆಗಲಿ. ಕಾರಣ ಇದೆ. ಟಿಬಿಗೆ ಕೊಡುವ ರಿಫಾಂಪಿಸಿನ್ ಮಾತ್ರೆ ಬ್ರುಸೆಲ್ಲಾಕ್ಕೂ ತಾಗುತ್ತದೆ. ಅರ್ಧಂಬರ್ಧ ಗುಣ ಕಂಡು ಎಲ್ಲರೂ ಟಿಬಿಯೇ ಎಂದು ನಂಬಿಬಿಡುತ್ತಾರೆ.

ಬ್ರುಸೆಲ್ಲಾ ಎಂದು ಖಾತ್ರಿಯಾದರೆ ಔಷಧ ಇದೆ, ತೀರಾ ದುಬಾರಿಯೂ ಅಲ್ಲ. ಸಾಮಾನ್ಯವಾಗಿ ಎರಡು ಔಷಧ ಜೊತೆಗೆ, 6 ವಾರ. ಡಾಕ್ಸಿಸೈಕ್ಲಿನ್ ಜೊತೆ ರಿಫಾಂಪಿಸಿನ್, ಇಲ್ಲವೇ ಡಾಕ್ಸಿಸೈಕ್ಲಿನ್ ಜೊತೆ ಕೆಲವು ದಿನ ಇಂಜೆಕ್ಷನ್. ಬೆನ್ನುಮೂಳೆಗೆ ಇಳಿದಿದ್ದರೆ ಇನ್ನೂ ಜಾಸ್ತಿ ದಿನ. ಎರಡನೇ ವಾರಕ್ಕೇ ಜ್ವರ ಹೋಗಿ ಮೈ ಹಗುರಾಗುತ್ತದೆ. ಅಪಾಯ ಇರುವುದು ಅಲ್ಲೇ. ಗುಣ ಆಯ್ತಲ್ಲ ಎಂದು ಬಿಟ್ಟವರಲ್ಲಿ ಮರುಕಳಿಸಿದ್ದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಾನು ನುಂಗಿ ಕಲಿತ ಎರಡು ಮಾತು ಹೇಳಿಬಿಡುತ್ತೇನೆ. ರಿಫಾಂಪಿಸಿನ್ ತಗೊಂಡರೆ ಉಚ್ಚೆ ಕೇಸರಿ ಕೆಂಪಾಗುತ್ತದೆ. ರಕ್ತ ಹೋಗುತ್ತಿದೆ ಎಂದು ಗಾಬರಿಯಾಗಿ ಮಾತ್ರೆ ಬಿಡಬಾರದು. ಡಾಕ್ಸಿಸೈಕ್ಲಿನ್ ನುಂಗುವಾಗ ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಕುರಿ ಕಾಯುವವರಿಗೆ ನೆರಳೆಲ್ಲಿಂದ ಬರಬೇಕು? ತುಂಬುತೋಳಿನ ಅಂಗಿ, ತಲೆಗೆ ರುಮಾಲು ಇರಲಿ. ಮಾತ್ರೆಯನ್ನು ತುಂಬಿದ ಲೋಟ ನೀರಿನ ಜೊತೆ ನುಂಗಿ, ತಕ್ಷಣ ಮಲಗಬಾರದು.

ನಿಮಗೆ ಅಂಟುತ್ತದಾ ಎಂದು ಕೇಳಿದ್ದೀರಿ. ಮನೆಯವರಿಂದ ನಿಮಗೆ ಬರುವುದು ತೀರಾ ಅಪರೂಪ. ಒಂದೇ ತಟ್ಟೆಯಲ್ಲಿ ಉಂಡರೆ, ಪಕ್ಕದಲ್ಲಿ ಕೂತರೆ, ಬಟ್ಟೆ ಒಗೆದರೆ ಬರುವುದಿಲ್ಲ. ಅವರ ಹಾಸಿಗೆಯನ್ನು ಹೊರಗೆ ಹಾಕುವ ಅಗತ್ಯ ಇಲ್ಲ. ಗಂಡ ಹೆಂಡಿರ ಸಂಬಂಧದಿಂದ ಬಂದ ಉದಾಹರಣೆಗಳು ಕೆಲವು ದಾಖಲಾಗಿವೆ. ಹಾಗಾಗಿ ಔಷಧ ಮುಗಿಯುವವರೆಗೆ ದೂರ ಇದ್ದರೆ ಒಳ್ಳೆಯದು, ಅಷ್ಟೇ. ನಿಮಗೆ ಅಪಾಯ ಇರುವುದು ಮನೆಯವರಿಂದಲ್ಲ, ಕುರಿ ಕೂಡುವ ದಡ್ಡಿಯಿಂದ. ಬಸಿರಿನಲ್ಲಿ ಈ ರೋಗ ಬಂದು ಔಷಧ ಸಿಗದೆ ಹೋದರೆ ಗರ್ಭಪಾತ ಆಗುವ ಭಯ ಇದೆ. ಕಂದು ಹಾಕಿದ ಜಾಗ ಗುಡಿಸಿದ್ದೀರಾ? ಮರಿ ಒರೆಸಿದ್ದೀರಾ? ಹೌದಾದರೆ ನೀವೂ ರಕ್ತ ಪರೀಕ್ಷೆ ಮಾಡಿಸಿ. ಹೆರಿಗೆ ಡಾಕ್ಟರಿಗೆ ಕುರಿಯ ವಿಷಯ ಪೂರ್ತಿ ಹೇಳಿ. ಪಾಸಿಟಿವ್ ಬಂದರೆ ಬಸಿರಿನಲ್ಲಿ ಕೊಡಬಹುದಾದ ಔಷಧ ಬೇರೆ ಇದೆ, ಡಾಕ್ಟರ್ ಅದನ್ನೇ ಬರೆಯುತ್ತಾರೆ. ಮನೆಯವರ ಮಾತ್ರೆಯನ್ನು ಹಂಚಿಕೊಳ್ಳಬೇಡಿ. ಹೆರಿಗೆ ಆಗುವವರೆಗೆ ಈಯುವ ಕುರಿಯ ಹತ್ತಿರ ನೀವು ಹೋಗಲೇಬೇಡಿ. ಬೇರೆ ಕೆಲಸ ಇದ್ದೇ ಇದೆ.

ಮಗನಿಗೂ ಪರೀಕ್ಷೆ ಆಗಲಿ. ಹಸಿ ಹಾಲು ಈ ರೋಗದ ಹೆದ್ದಾರಿ. ಇದಕ್ಕೊಂದು ಹಳೆಯ ಕಥೆ ಇದೆ. ಮೆಡಿಟರೇನಿಯನ್ ಸಮುದ್ರದ ಮಾಲ್ಟಾ ದ್ವೀಪದಲ್ಲಿ ಬ್ರಿಟಿಷ್ ಸಿಪಾಯಿಗಳಿಗೆ ಇಂಥದೇ ಬಿಡದ ಜ್ವರ ಬರುತ್ತಿತ್ತು. 1887ರಲ್ಲಿ ಡೇವಿಡ್ ಬ್ರೂಸ್ ಎಂಬ ಸೇನಾ ವೈದ್ಯ ಸತ್ತ ಸಿಪಾಯಿಗಳ ಗುಲ್ಮದಲ್ಲಿ ರೋಗಾಣು ಕಂಡುಹಿಡಿದ. ರೋಗಕ್ಕೆ ಅವನ ಹೆಸರೇ ಬಂತು. ಅದು ಬರುವುದೆಲ್ಲಿಂದ ಎನ್ನುವುದು ಮಾತ್ರ 1905ರವರೆಗೆ ಬಗೆಹರಿಯಲಿಲ್ಲ. ಆಗ ಅದೇ ದ್ವೀಪದ ವೈದ್ಯ ಥೆಮಿಸ್ಟೊಕ್ಲಿಸ್ ಜಮ್ಮಿತ್ ಆಡುಗಳ ರಕ್ತ ಪರೀಕ್ಷೆ ಮಾಡಿದ. ಅಲ್ಲಿ ಆಡುಗಳನ್ನು ಮನೆ ಬಾಗಿಲಿಗೇ ಹೊಡೆದುಕೊಂಡು ಬಂದು ಹಾಲು ಕರೆದು ಕೊಡುತ್ತಿದ್ದರು. ನೋಡಲು ಗಟ್ಟಿಮುಟ್ಟಾಗಿದ್ದ ಆಡುಗಳಲ್ಲೇ ರೋಗ ಇತ್ತು! ಸಿಪಾಯಿಗಳಿಗೆ ಆಡಿನ ಹಾಲು ನಿಲ್ಲಿಸಿದರು, ಜ್ವರ ಇಳಿದುಹೋಯಿತು. ನಮ್ಮಲ್ಲಿ ಈಗಲೂ ಮಳೆಗಾಲದಲ್ಲಿ ಡೆಂಗಿ ಬಂದರೆ ಪ್ಲೇಟ್‌ಲೆಟ್ ಏರುತ್ತದೆ ಎಂದು ಆಡಿನ ಹಸಿ ಹಾಲು ಹುಡುಕಿಕೊಂಡು ಹೋಗುತ್ತಾರೆ. ಪ್ಲೇಟ್‌ಲೆಟ್ ತಾನಾಗಿಯೇ ಏರುತ್ತದೆ. ಹಸಿ ಹಾಲಿನಿಂದ ಸಿಗುವುದು ಇನ್ನೊಂದು ಜ್ವರ.

ಈಗ ಅತ್ತೆಯವರ ಮಾತಿಗೆ ಬರೋಣ. ಪಿಪಿಆರ್ ಲಸಿಕೆಯಿಂದ ಹೀಗೆ ಹಿಂಡೇ ಕಂದು ಹಾಕುವುದಿಲ್ಲ. ದಿನ ತುಂಬಿದ ಕುರಿಯನ್ನು ಓಡಿಸಿ, ಕಾಲು ಹಿಡಿದು ಕೆಡವಿ ಲಸಿಕೆ ಹಾಕಿದರೆ ಆ ಜಗ್ಗಾಟಕ್ಕೆ ಒಂದೆರಡು ಕಂದು ಹಾಕಬಹುದು, ನಿಜ. ಅದಾದರೆ ಎರಡು ಮೂರು ದಿನದಲ್ಲೇ ಆಗಿ ಮುಗಿಯುತ್ತದೆ. ನಿಮ್ಮದು ವಾರಗಟ್ಟಲೆ, ಒಂದಾದ ಮೇಲೊಂದು. ಇನ್ನೊಂದು ಮಾತು ಅವರಿಗೆ ತಿಳಿಸಿ: ಲಸಿಕೆ ಹಾಕಿಸದೆ ಪಿಪಿಆರ್ ಬಂದರೆ ಆಗಲೂ ಗಬ್ಬದ ಕುರಿ ಕಂದು ಹಾಕುತ್ತವೆ, ಅದರ ಜೊತೆಗೆ ಸಾಯುತ್ತವೆ.

ಹಾಗೆಂದು ಕಂದು ಹಾಕಿದ್ದೆಲ್ಲ ಬ್ರುಸೆಲ್ಲಾ ಅಲ್ಲ. ಕ್ಲಮೈಡಿಯಾ, ಕ್ಯೂ ಜ್ವರ, ಟಾಕ್ಸೊಪ್ಲಾಸ್ಮಾ, ನೀಲಿ ನಾಲಿಗೆ ರೋಗ, ಬರಗಾಲದ ಸೊರಗು, ಎಲ್ಲದಕ್ಕೂ ಗಬ್ಬ ಇಳಿಯುತ್ತದೆ. ಇವುಗಳಲ್ಲಿ ಕೆಲವು ಮನುಷ್ಯರಿಗೂ ಬರುತ್ತವೆ, ಬಸಿರಿಗೂ ಒಳ್ಳೆಯದಲ್ಲ. ಆದ್ದರಿಂದಲೇ ಪರೀಕ್ಷೆ ಮೊದಲು. ನಮ್ಮ ಮೊದಲ ಪರೀಕ್ಷೆ ನೋಡಲು ಬಹಳ ಸರಳ. ಬಿಳಿ ಹಲಗೆಯ ಮೇಲೆ ಗುಲಾಬಿ ಬಣ್ಣದ ದ್ರಾವಣ ಒಂದು ಹನಿ, ಕುರಿಯ ರಕ್ತ ಹೆಪ್ಪುಗಟ್ಟಿದ ಮೇಲೆ ತಿಳಿಯಾಗಿ ನಿಲ್ಲುವ ನೀರು ಒಂದು ಹನಿ. ಕಡ್ಡಿಯಿಂದ ಕಲಸಿ ಹಲಗೆಯನ್ನು ಮೆಲ್ಲಗೆ ಅಲುಗಾಡಿಸಬೇಕು. ನಾಲ್ಕು ನಿಮಿಷದೊಳಗೆ ಹಾಲು ಒಡೆದಂತೆ ಗುಲಾಬಿ ಕಣಗಳು ಬೇರೆಯಾದರೆ ಪಾಸಿಟಿವ್. ರೋಸ್ ಬೆಂಗಾಲ್ ಟೆಸ್ಟ್ ಎನ್ನುವುದು ಇದನ್ನೇ. ಮನುಷ್ಯರ ರಕ್ತಕ್ಕೂ ಇದೇ ಪರೀಕ್ಷೆ ನಡೆಯುತ್ತದೆ. ಆಮೇಲೆ ಇನ್ನೊಂದು ಪರೀಕ್ಷೆಯಿಂದ ಖಾತ್ರಿ ಮಾಡಿಕೊಳ್ಳುತ್ತಾರೆ. ಪಶು ಆಸ್ಪತ್ರೆಗೆ ಹೋಗಿ, ಇಲ್ಲವೇ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ. ಕಂದು ಹಾಕಿದ ಕುರಿಗಳ ರಕ್ತದ ಜೊತೆ ಟಗರುಗಳ ರಕ್ತವನ್ನೂ ತೆಗೆಸಿ. ದಾರಿಯಲ್ಲಿ ಕೊಂಡ ಆ ಟಗರಿನದು ಮೊದಲು ಆಗಲಿ. ಅದರ ಬೀಜ ಊದಿದೆಯಾ ನೋಡಿ. ಇನ್ನೊಂದು ಕುರಿ ಕಂದು ಹಾಕಿದರೆ ಡಾಕ್ಟರನ್ನು ಅಲ್ಲಿಗೇ ಕರೆಸಿ. ಹಿಂದೊಬ್ಬರು ಸತ್ತ ಮರಿಯನ್ನು ಸಿಮೆಂಟ್ ಚೀಲದಲ್ಲಿ ಕಟ್ಟಿ, ಬಸ್ಸಿನ ಸೀಟಿನ ಕೆಳಗೆ ಇಟ್ಟು ನನ್ನ ಹತ್ತಿರ ತಂದಿದ್ದರು. ಆ ಬಸ್ಸಿನಲ್ಲಿ ಎಷ್ಟು ಜನ ಇದ್ದರೋ!

ರೋಗ ಹಿಂಡಿನಲ್ಲಿ ನಡೆಯುವ ರೀತಿಯೇ ಮೋಸದ್ದು. ಸೋಂಕು ಬಂದ ಕುರಿ ಸಾಮಾನ್ಯವಾಗಿ ಒಂದೇ ಸಲ ಕಂದು ಹಾಕುತ್ತದೆ, ಅದೂ ಕೊನೆಯ ಎರಡು ತಿಂಗಳಲ್ಲಿ. ಮುಂದಿನ ಸಲ ಸರಿಯಾಗಿ ಈಯಬಹುದು. ಕುರಿಗಾಹಿ ಗುಣ ಆಯ್ತು ಎಂದುಕೊಳ್ಳುತ್ತಾನೆ. ಆದರೆ ಪ್ರತಿ ಸಲ ಈದಾಗಲೂ ಮಾಸಿನಲ್ಲಿ, ಈಯುವಾಗ ಹೋಗುವ ನೀರಿನಲ್ಲಿ, ಹಾಲಿನಲ್ಲಿ ರೋಗಾಣು ಹೊರಗೆ ಬರುತ್ತಿರಬಹುದು. ಕಂದು ಹಾಕಿದ ಮೇಲೆ ವಾರಗಟ್ಟಲೆ ಸೋರುವ ಲೋಳೆಯಲ್ಲೂ ಅದು ಇರುತ್ತದೆ. ಬೇರೆ ಕುರಿ ಆ ಜಾಗದ ಮೇವು ತಿನ್ನುತ್ತದೆ, ನೆಕ್ಕುತ್ತದೆ. ನಾಯಿ ಸತ್ತ ಮರಿಯನ್ನು ಎಳೆದುಕೊಂಡು ಪಕ್ಕದ ಹಟ್ಟಿಗೆ ಹೋಗುತ್ತದೆ. ನಾಯಿಗೂ ರೋಗ ಬರುತ್ತದೆ. ಕಾರಟಗಿ, ಗಂಗಾವತಿ, ಸಿಂಧನೂರಿನ ಗದ್ದೆಗಳಲ್ಲಿ ನಾಲ್ಕು ಹಿಂಡು ಒಂದೇ ಕಾಲುವೆಯ ದಂಡೆಯಲ್ಲಿ ಮೇಯುತ್ತವೆ. ಯಾರ ಕುರಿಯಿಂದ ಯಾರಿಗೆ ಬಂತು ಎಂದು ಹುಡುಕುವುದು ವ್ಯರ್ಥ.

ಮನುಷ್ಯರಿಗೆ ಹೇಗೆ ಬರುತ್ತದೆ ಎಂದರೆ, ನಡುರಾತ್ರಿಯ ದಡ್ಡಿಯನ್ನು ನೆನಪಿಸಿಕೊಳ್ಳಿ. ಬ್ಯಾಟರಿ ಬಾಯಲ್ಲಿ ಕಚ್ಚಿ, ಕುರಿಯ ಹಿಂದೆ ಕುಕ್ಕುರು ಕೂತು, ಎರಡು ಬೆರಳಿನಿಂದ ಮರಿಯ ಮೂಗಿನ ಲೋಳೆ ತೆಗೆಯುತ್ತಾರೆ. ಉಸಿರಾಡದಿದ್ದರೆ ಮರಿಯ ಮೂಗಿಗೆ ಬಾಯಿಟ್ಟು ಊದುತ್ತಾರೆ. ಕೈಯನ್ನು ಕಂಬಳಿಗೆ ಒರೆಸಿ ಬೀಡಿ ಹಚ್ಚುತ್ತಾರೆ. ಕೈಯಲ್ಲಿ ಜಾಲಿ ಮುಳ್ಳಿನ ಗೀರು ಇದ್ದೇ ಇರುತ್ತವೆ. ಗಾಯ, ಕಣ್ಣು, ಮೂಗು, ಬಾಯಿ, ನಾಲ್ಕು ಬಾಗಿಲೂ ತೆರೆದಿವೆ. ಒಳಹೊಕ್ಕ ಎರಡರಿಂದ ನಾಲ್ಕು ವಾರಕ್ಕೆ ಜ್ವರ, ಕೆಲವರಿಗೆ ತಿಂಗಳುಗಳೇ ಆಗಬಹುದು.

ಇನ್ನು ಮಾರುವ ವಿಷಯ. ಎಲ್ಲವನ್ನೂ ಅಮೀನಗಡ ಸಂತೆಗೆ ಹೊಡೆದರೆ ನಿಮಗೆ ನಷ್ಟ, ಕೊಂಡವರ ದಡ್ಡಿಗೆ ರೋಗ. ನೀವು ಕೊಂಡ ಟಗರನ್ನೂ ಯಾರೋ ಹೀಗೇ ಮಾರಿದ್ದಿರಬಹುದು. ನನ್ನ ಸಲಹೆ, ಕೈಲಾದರೆ ಇಡೀ ಹಿಂಡಿನ ರಕ್ತ ಪರೀಕ್ಷೆ ಮಾಡಿಸಿ. ಪಾಸಿಟಿವ್ ಬಂದವನ್ನು ಬೇರೆ ದಡ್ಡಿಗೆ ಹಾಕಿ. ಅವನ್ನು ಸಾಕಲು ಯಾರಿಗೂ ಕೊಡಬೇಡಿ, ಮಾಂಸಕ್ಕೆ ಮಾತ್ರ ಕೊಡಿ. ಕೊಯ್ಯುವವರಿಗೆ ರೋಗದ ವಿಷಯ ಬಾಯಿಬಿಟ್ಟು ಹೇಳಿ. ಅವರು ಗ್ಲೌಸ್ ಹಾಕಿಕೊಂಡು, ಗರ್ಭಕೋಶ, ಕೆಚ್ಚಲು, ಬೀಜವನ್ನು ಹೂಳಬೇಕು. ಚೆನ್ನಾಗಿ ಬೆಂದ ಮಾಂಸದಿಂದ ರೋಗ ಬರುವುದಿಲ್ಲ. ಬೆಲೆ ಕಡಿಮೆ ಸಿಗುತ್ತದೆ, ಅದನ್ನು ಮುಚ್ಚಿಟ್ಟು ಹೇಳಲಾರೆ. ಒಂದು ಸಲದ ಪರೀಕ್ಷೆಯಲ್ಲಿ ಎಲ್ಲವೂ ಸಿಕ್ಕಿಬೀಳುವುದೂ ಇಲ್ಲ. ಕೆಲವು ತಿಂಗಳು ಬಿಟ್ಟು ಮತ್ತೆ ಮಾಡಿಸಬೇಕು.

ಪರೀಕ್ಷೆಯೂ ಬೇಡ, ಮಾರುವುದೂ ಬೇಡ ಎಂದು ಎಲ್ಲವನ್ನೂ ಹಾಗೇ ಇಟ್ಟುಕೊಳ್ಳುವವರೇ ಜಾಸ್ತಿ. ಬಡತನ ಹಾಗೆ ಮಾಡಿಸುತ್ತದೆ, ನಾನು ತಪ್ಪು ಎನ್ನುವುದಿಲ್ಲ. ಆದರೆ ಮನೆಯಲ್ಲಿ ಬಸುರಿ, ಸಣ್ಣ ಹುಡುಗ ಇರುವಾಗ ಆ ದಾರಿ ನಿಮಗೆ ಒಪ್ಪುವಂಥದ್ದಲ್ಲ. ಕಂದು ಹಾಕಿದ ಕುರಿಗೆ ಆಕ್ಸಿಟೆಟ್ರಾಸೈಕ್ಲಿನ್ ಇಂಜೆಕ್ಷನ್ ಚುಚ್ಚಿಸುವುದೂ ರೂಢಿಯಲ್ಲಿದೆ. ಕ್ಲಮೈಡಿಯಾ ಇದ್ದರೆ ಅದರಿಂದ ಉಪಯೋಗ ಉಂಟು. ಬ್ರುಸೆಲ್ಲಾ ಇದ್ದರೆ ದುಡ್ಡು ನೀರಿಗೆ. ಕುರಿಯಲ್ಲಿ ಇದನ್ನು ಔಷಧದಿಂದ ಪೂರ್ತಿ ತೆಗೆಯುವುದು ನೆಚ್ಚುವ ಮಾತಲ್ಲ. ಲಸಿಕೆ ಇಲ್ಲವಾ ಎಂದು ಕೇಳುತ್ತೀರಿ. ಆಕಳು, ಎಮ್ಮೆಯ ಹೆಣ್ಣು ಕರುಗಳಿಗೆ 4ರಿಂದ 8 ತಿಂಗಳೊಳಗೆ ಒಂದು ಸಲ ಸರಕಾರದಿಂದಲೇ ಹಾಕುತ್ತಾರೆ. 2019ರಲ್ಲಿ ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಅದು ಸೇರಿದೆ. ಮನೆಯಲ್ಲಿ ಹೆಣ್ಣು ಕರು ಇದ್ದರೆ ತಪ್ಪಿಸಬೇಡಿ. ಕುರಿಗೆ ಮಾತ್ರ ನಮ್ಮಲ್ಲಿ ಅಂಥ ಕಾರ್ಯಕ್ರಮ ಇಲ್ಲ.

ದಡ್ಡಿಯ ಕೆಲಸ ಮನೆಯವರಿಗೆ ಓದಿ ಹೇಳಿ. ಮರಿ ತೆಗೆಯುವಾಗ ಗ್ಲೌಸ್. ಸಿಗದಿದ್ದರೆ ಗೊಬ್ಬರದ ಚೀಲದೊಳಗಿನ ಪ್ಲಾಸ್ಟಿಕ್ ಹಾಳೆಯನ್ನು ಮೊಣಕೈವರೆಗೆ ಸುತ್ತಿ ದಾರ ಕಟ್ಟಲಿ. ಮರಿಯ ಮೂಗಿಗೆ ಊದುವುದು ಬೇಡ. ಹಿಂಗಾಲು ಹಿಡಿದು ತಲೆಕೆಳಗೆ ತೂಗಿ, ಒಣ ಬಟ್ಟೆಯಿಂದ ಗಸಗಸ ತಿಕ್ಕಿದರೆ ಉಸಿರು ಹಿಡಿಯುತ್ತದೆ. ಸತ್ತ ಮರಿ, ಮಾಸು, ನೆನೆದ ಮಣ್ಣು ಎಲ್ಲವೂ ನಾಲ್ಕಡಿ ಗುಂಡಿಗೆ. ಮೇಲೆ ಸುಣ್ಣ, ಅದರ ಮೇಲೆ ಮಣ್ಣು, ಮಣ್ಣಿನ ಮೇಲೆ ಜಾಲಿ ಮುಳ್ಳು, ನಾಯಿ ಕೆದರಬಾರದಲ್ಲ. ಹಳ್ಳ, ಬಾವಿಯಿಂದ ದೂರ ಇರಲಿ. ಹಿಕ್ಕೆ ಗುಡಿಸುವಾಗ ಮೂಗಿಗೆ ಬಟ್ಟೆ ಕಟ್ಟಿ, ನೀರು ಚಿಮುಕಿಸಿ ಗುಡಿಸಬೇಕು. ನೆರಳು, ತೇವ ಇದ್ದಲ್ಲಿ ಈ ರೋಗಾಣು ವಾರಗಟ್ಟಲೆ ಬದುಕುತ್ತದೆ. ನಮ್ಮ ಬಿಸಿಲಿಗೆ ನೇರವಾಗಿ ಬಿದ್ದರೆ ಕೆಲವೇ ಗಂಟೆ. ಹಾಗಾಗಿ ದಡ್ಡಿಯ ಜಾಗ ಬದಲಿಸಿ, ಹಳೆಯ ಜಾಗಕ್ಕೆ ಬಿಸಿಲು ಬೀಳಲು ಬಿಡಿ. ಹೊಸ ಕುರಿ, ಟಗರು ಕೊಂಡರೆ ರಕ್ತ ಪರೀಕ್ಷೆ ಆಗುವವರೆಗೆ, ಕನಿಷ್ಠ ಒಂದು ತಿಂಗಳು, ಹಿಂಡಿಗೆ ಬಿಡಬೇಡಿ.

ಕೊನೆಗೆ ಆ ಕರಿ ಆಡು. ಅದು ಕಂದು ಹಾಕಿದೆ ಎಂದು ನೀವು ಬರೆದಿಲ್ಲ. ಹಾಗೆಂದು ರೋಗ ಇಲ್ಲ ಎಂದೂ ಹೇಳಲಾಗದು, ಮಾಲ್ಟಾದ ಆಡುಗಳೂ ಗಟ್ಟಿಯಾಗಿಯೇ ಇದ್ದವು. ಮೊದಲ ದಿನವೇ ಅದರ ರಕ್ತ ತೆಗೆಸಿ. ನೆಗೆಟಿವ್ ಬಂದರೆ ಒಂದೆರಡು ತಿಂಗಳು ಬೇರೆ ಕಟ್ಟಿ, ಇನ್ನೊಂದು ಸಲ ತೆಗೆಸಿ. ಆಗಲೂ ನೆಗೆಟಿವ್ ಬಂದರೆ ತವರಿನ ಆಡು ನಿಮ್ಮಲ್ಲೇ ಇರಲಿ. ಅಲ್ಲಿಯವರೆಗೆ ಹಾಲನ್ನು ಮನೆಯವರೂ ಅಲ್ಲ, ನೀವೂ ಅಲ್ಲ, ಅತ್ತೆ ಕರೆಯಲಿ. ಕರೆದ ಮೇಲೆ ಸೋಪಿನಿಂದ ಕೈ ತೊಳೆಯಲಿ. ಪಾತ್ರೆ ನೇರ ಒಲೆಗೆ ಹೋಗಲಿ. ಹಾಲು ಪೂರ್ತಿ ಉಕ್ಕಿ ಬಂದ ಮೇಲೆ ಇಳಿಸಿ. ಹಸಿ ಹಾಲಿಗೆ ಹೆಪ್ಪು ಹಾಕಬೇಡಿ, ಮೊಸರಾದ ಮಾತ್ರಕ್ಕೆ ರೋಗಾಣು ಸಾಯುತ್ತದೆ ಎಂದು ನಂಬುವ ಹಾಗಿಲ್ಲ. ಕಾಸಿದ ಹಾಲು ರುಚಿ ಇಲ್ಲ ಎಂದು ಮಗ ಹಟ ಮಾಡುತ್ತಾನೆ. ಒಂದು ಚೂರು ಬೆಲ್ಲ ಹಾಕಿ ಕೊಡಿ, ಕುಡಿಯುತ್ತಾನೆ.